ಶಿಕ್ಷೆಗೊಂದು ಲ್ಯಾಟಿನ್ ಪದ

ಭಾವ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಮಷೀನು ನೋಡಿಕೊಳ್ಳುತ್ತಿದ್ದರು. ಗಿರಣಿಯ ಅಂಗಳದಲ್ಲಿ ಹಮಾಲರ ನಡುವೆ ಜಗಳವಾಗಿ ಒಬ್ಬ ಸತ್ತ. ಬಿಡಿಸಲು ಹೋಗಿದ್ದ ಭಾವನ ಹೆಸರೂ ಕೊಲೆ ಕೇಸಿಗೆ ಸೇರಿತು. ಸತ್ತವನ ಮನೆ ಅಕ್ಕನ ಮನೆಯ ಹಿಂದಿನ ಓಣಿಯಲ್ಲೇ ಇತ್ತು. ಅವನ ಹೆಂಡತಿಯೂ ಅಕ್ಕನೂ ಒಂದೇ ನಲ್ಲಿಗೆ ನೀರಿಗೆ ಹೋಗುವವರು. ಜಾಮೀನು ಸಿಗಲಿಲ್ಲ. ಭಾವ ಜೈಲಿಗೆ ಹೋದ ಮೇಲೆ ಅಕ್ಕ ಕೈಗೂಸನ್ನು ಎತ್ತಿಕೊಂಡು ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದಳು.

ನಾನಾಗ ಹೊಸಪೇಟೆಯಲ್ಲಿ ಲಾ ಓದುತ್ತಿದ್ದೆ. ಒಂದು ದಿನ ಮೇಷ್ಟ್ರು ‘ಪೀನಾ’ ಎಂಬ ಲ್ಯಾಟಿನ್ ಪದವನ್ನು ಬೋರ್ಡಿನ ಮೇಲೆ ಬರೆದರು. ಪೀನಾ ಎಂದರೆ ಶಿಕ್ಷೆ. ಪೀನಲ್ ಕೋಡ್, ಪೆನಾಲ್ಟಿ, ಸಾಕ್ಷಿಯನ್ನು ಕರೆಸುವ ಸಪೀನಾ, ಕೊನೆಗೆ ಇಂಗ್ಲಿಷಿನವರ ಪೇನ್ ಕೂಡ ಅದರಿಂದಲೇ ಬಂದದ್ದು ಎಂದರು. ಮೊದಮೊದಲು ಅದಕ್ಕೆ ಕೊಂದವನು ಸತ್ತವನ ಮನೆಯವರಿಗೆ ಕೊಡುವ ಪರಿಹಾರ ಎಂಬ ಅರ್ಥವಿತ್ತಂತೆ. ಹಾಗಾಗಿ ಲ್ಯಾಟಿನ್ನಿನಲ್ಲಿ ಶಿಕ್ಷೆಗೆ ಒಳಗಾದವನು ಪೀನಾ ‘ಕೊಡುತ್ತಾನೆ’, ಶಿಕ್ಷಿಸುವವನು ಅದನ್ನು ‘ತೆಗೆದುಕೊಳ್ಳುತ್ತಾನೆ’. ನಮ್ಮಲ್ಲಿ ದಂಡ ತೆರುವುದು ಎನ್ನುವಂತೆ. ಕಾನೂನು ಇಲ್ಲದೆ ಪೀನಾ ಇಲ್ಲ ಎಂಬ ಸೂತ್ರವನ್ನು ಬರೆಸಿದರು. ನನಗೆ ಅದು ಭಾಳ ಹಿಡಿಸಿತು.

ಆ ಭಾನುವಾರ ಭಾವನನ್ನು ನೋಡಿಕೊಂಡು ಬಸ್ಸಿನಲ್ಲಿ ಬರುವಾಗ ಅಕ್ಕ ಅಳುತ್ತಿದ್ದಳು. ಭಾವನಿಗೆ ಇನ್ನೂ ಶಿಕ್ಷೆಯಾಗಿಲ್ಲ, ವಿಚಾರಣೆ ಮುಗಿಯುವ ತನಕ ಒಳಗೆ ಇಟ್ಟಿದ್ದಾರೆ ಅಷ್ಟೆ, ಕಾನೂನಿನ ಲೆಕ್ಕದಲ್ಲಿ ಇದು ಶಿಕ್ಷೆಯೇ ಅಲ್ಲ ಎಂದು ಸಮಾಧಾನ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಹಂಗಾರ ಇದಕ್ಕ ಏನಂತಾರ, ತಮ್ಮಾ?”

ಮೇಷ್ಟ್ರು ಅದಕ್ಕೆ ಪದ ಹೇಳಿಕೊಟ್ಟಿರಲಿಲ್ಲ.

ನನ್ನ ಓದು ಮುಗಿಯಿತು, ನಾನೂ ಕರಿಕೋಟು ಹಾಕಿಕೊಂಡೆ. ಕೇಸು ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಲೇ ಇತ್ತು, ಭಾವ ಒಳಗೇ ಇದ್ದರು. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಾವು ಏನೂ ನೋಡಿಲ್ಲ ಎಂದರು. ಎಲ್ಲರೂ ಖುಲಾಸೆಯಾದರು. ಕೋರ್ಟಿನ ಮೆಟ್ಟಿಲ ಬಳಿ ಸತ್ತವನ ಹೆಂಡತಿ ನನ್ನನ್ನು ತಡೆದು ನಿಲ್ಲಿಸಿದಳು. ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕಿತ್ತು ಅಷ್ಟೆ.

“ಯಾರೂ ಹೊಡೀಲಿಲ್ಲ ಅಂದ್ರ, ನಮ್ಮನಿಯವ್ರು ಹೆಂಗ ಸತ್ರು ಅಂತ ಹೇಳ್ರಿ?”

ಭಾವ ಅಷ್ಟು ವರ್ಷ ಪೀನಾ ಕೊಟ್ಟರು, ಅದು ಇವಳ ಕೈಗಂತೂ ಸೇರಲಿಲ್ಲ. ಅಕ್ಕ ಅವಳ ಪಕ್ಕದಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಆ ಹೆಂಗಸು ಕಂಪ್ಲಿ ಬಸ್ಸು ಹತ್ತಿದಳು.

ಗಿರಣಿಯವರು ಭಾವನನ್ನು ವಾಪಸು ತೆಗೆದುಕೊಳ್ಳಲಿಲ್ಲ. ಸಂಡೂರಿನ ಗಣಿ ಗುತ್ತಿಗೆದಾರನೊಬ್ಬ ನೋಡೋಣ ಎಂದವನು ಆಮೇಲೆ ಫೋನು ಎತ್ತಲಿಲ್ಲ. ಹಂಪಿಯ ಗೆಸ್ಟ್‌ಹೌಸೊಂದರಲ್ಲಿ ಕಾವಲಿಗೆ ಜನ ಬೇಕಾಗಿತ್ತು. ಖುಲಾಸೆಯಾದ ತೀರ್ಪಿನ ಪ್ರತಿ ಹಿಡಿದು ನಾನೇ ಜೊತೆಗೆ ಹೋದೆ. ಮಾಲೀಕರು ಮರ್ಯಾದೆಯಿಂದ ಕುಂದ್ರಿಸಿ, ಚಹಾ ತರಿಸಿ, ಪೂರ್ತಿ ಓದಿದರು.

“ತಪ್ಪಿಲ್ಲ ಅಂತ ಬರದೈತ್ರಿ, ಒಪ್ಪಿದೆ. ಆದ್ರ ಬಂದ ಗಿರಾಕಿಗೆ ನಾ ಇದನ್ನ ಓದಿ ಹೇಳಾಕ ಆಗತೈತೇನ್ರಿ?”

ಭಾವ ನನಗಿಂತ ಮೊದಲೇ ಎದ್ದು ಹೊರಗೆ ನಡೆದರು. ಬರುವಾಗ ಆಟೊದಲ್ಲಿ, ಇನ್ನು ಎಲ್ಲೂ ಕೇಳುವುದು ಬ್ಯಾಡ ಎಂದಷ್ಟೇ ಹೇಳಿದರು.

ಈಗ ಅಕ್ಕ ನಮ್ಮ ಮನೆಯಿಂದಲೇ ಕಡ್ಡಿರಾಂಪುರದ ಖಾನಾವಳಿಗೆ ಹೋಗಿ ರೊಟ್ಟಿ ಬಡಿಯುತ್ತಾಳೆ. ಮಗಳು ಶಾಲೆಗೆ ಹೋಗುತ್ತಾಳೆ. ಅಪ್ಪ ಎಂದು ಕರೆಯಲು ಅವಳಿಗೆ ಇನ್ನೂ ನಾಲಿಗೆ ಹೊರಳುವುದಿಲ್ಲ, ಏನಾದರೂ ಬೇಕಾದರೆ ನನ್ನನ್ನು ಕೇಳುತ್ತಾಳೆ. ಭಾವ ಜೈಲಿನ ರೂಢಿಯಂತೆ ನಸುಕಿನಲ್ಲೇ ಎದ್ದು ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿಡುತ್ತಾರೆ. ಊಟಕ್ಕೆ ಕರೆದರೆ ಬರುತ್ತಾರೆ. ಉಂಡಾದ ಮೇಲೆ, ಇನ್ನು ಏಳ್ರಿ ಎಂದು ಯಾರಾದರೂ ಹೇಳುವ ತನಕ ತಟ್ಟೆಯ ಮುಂದೆ ಹಾಗೇ ಕುಳಿತಿರುತ್ತಾರೆ.