ಅವ್ವನ ಕಣ್ಣಿಗೆ ಬಳಗವೆಲ್ಲ ಹನಿ ಹಾಕಿದ್ದು

ನಮ್ಮ ಬಳಗದವರಿಗೆ ಒಂದು ಚಟ. ಯಾರಾದರೂ ಹಾಸಿಗೆ ಹಿಡಿದರೆ ಮಾತಾಡಿಸಲು ಬರುತ್ತಾರೆ. ಬಂದವರು ರೋಗಿಗೆ ತಮ್ಮ ಕೈಯಿಂದ ಏನಾದರೂ ಕೊಡದೆ ಏಳುವುದಿಲ್ಲ. ಎರಡು ಗುಟುಕು ನೀರು, ಒಂದು ಚೂರು ಬಾಳೆಹಣ್ಣು, ಏನೋ ಒಂದು. ನಾಳೆ ಹೆಚ್ಚುಕಡಿಮೆಯಾದರೆ "ಕಡೀಕ ನನ್ನ ಕೈಲೆ ತಗೊಂಡಳು" ಎಂದು ಹೇಳಿಕೊಳ್ಳಬೇಕಲ್ಲ!

ಸಗರದಲ್ಲಿದ್ದ ಅವ್ವನಿಗೆ ಕಣ್ಣೊಳಗಿನ ಒತ್ತಡ ಹೆಚ್ಚಾಗಿತ್ತು. ಯಾದಗಿರಿಯ ಕಣ್ಣಿನ ಡಾಕ್ಟರು ಹನಿ ಬರೆದುಕೊಟ್ಟಿದ್ದರು: ಮುಂಜಾನೆ ಒಂದು, ಸಂಜೆ ಒಂದು. ಆಮೇಲಿಂದ ಅವ್ವನಿಗೆ ಅಡುಗೆಮನೆಯಿಂದ ಅಂಗಳಕ್ಕೆ ಬರುವುದೂ ದೂರವಾಯಿತು. ಒಮ್ಮೆ ಜೋಳ ಹಸನು ಮಾಡುತ್ತ ಮೊರದ ಮೇಲೆಯೇ ಬಿದ್ದಳು. ಅಷ್ಟು ಸಾಕಾಯಿತು. ದೋರನಹಳ್ಳಿಯಿಂದ ಟಂಟಂ ಆಟೋ ತುಂಬಿಕೊಂಡು ಬಳಗ ಬಂತು. ಎಲ್ಲರಿಗಿಂತ ಮುಂದೆ ಅವಳ ಅಕ್ಕ, ನಮ್ಮ ದೊಡ್ಡವ್ವ.

ಬಾಯಿಗೆ ನೀರು ಹಿಡಿದರೆ ಅವ್ವ "ನಾ ಇನ್ನಾ ಸತ್ತಿಲ್ಲ, ತಗೀರಿ ಆ ಕಡಿ" ಎಂದು ಮುಖ ತಿರುಗಿಸಿದಳಂತೆ. ದೊಡ್ಡವ್ವ ಸೋಲುವವಳೇ? ಗೂಡಿನಲ್ಲಿದ್ದ ಹನಿಯ ಬಾಟಲಿ ತೆಗೆದಳು. "ಬಾಯಾಗ ಬ್ಯಾಡಂದ್ರ ಕಣ್ಣಾಗರೆ ಹಾಕ್ತೀನಿ." ಅವಳು ಹಾಕಿದ ಮೇಲೆ ಉಳಿದವರು ಬಿಡುತ್ತಾರೆಯೇ? ನಾನು ಸುರಪುರದಿಂದ ಬರುವಷ್ಟರಲ್ಲಿ ಜನ ಚಪ್ಪಲಿ ಬಿಟ್ಟು ಒಳಗೆ ಬಂದು, ಅವ್ವನಿಗೆ ಹನಿ ಹಾಕಿ, ಕೈಮುಗಿದು ಹೋಗುತ್ತಿದ್ದರು. ಹನಿ ಬಿದ್ದಷ್ಟೂ ಅವ್ವ ಮಂಕಾದಳು. ಮಂಕಾದ ಸುದ್ದಿ ಹಬ್ಬಿದಷ್ಟೂ ಮಂದಿ ಬಂದರು.

"ಏನಿದು ಹುಚ್ಚಾಟ? ನಿಲ್ಲಸ್ರಿ!" ಎಂದು ಒದರಿದೆ.

"ಹನಿ ಅದ ಬಿಡವಾ. ಗುಳಿಗಿ ಏನರ ನುಂಗಸಾಕತ್ತೇವೇನು?" ಎಂದಳು ದೊಡ್ಡವ್ವ.

ಗಾಡಿ ಮಾಡಿ ಅವ್ವನನ್ನು ಯಾದಗಿರಿಯ ಆಸ್ಪತ್ರೆಗೆ ಒಯ್ದೆವು. ಅಲ್ಲಿನ ಡಾಕ್ಟರು ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು. ಎದೆಬಡಿತ ತೀರ ನಿಧಾನ, ಇನ್ನೂ ಇಳಿದರೆ ಜೀವಕ್ಕೇ ಅಪಾಯ ಎಂದರು.

"ಯಾವ ಔಷಧ ಕೊಡಾಕತ್ತೀರಿ?"

"ಏನೂ ಇಲ್ರಿ ಸಾಹೇಬ್ರ," ಎಂದಿತು ಇಡೀ ಬಳಗ. ಕಣ್ಣಿನ ಹನಿ ಎದೆಗೆ ತಟ್ಟೀತೆಂದು ನನಗೂ ಹೊಳೆಯಲಿಲ್ಲ.

ಅಪಾಯ ಎಂದದ್ದೇ ತಡ, ದೊಡ್ಡವ್ವ ಅಳುತ್ತ ಸೆರಗಿನ ಗಂಟಿನಿಂದ ಬಾಟಲಿ ತೆಗೆದು, ಹೋಗುವ ಜೀವಕ್ಕೆ ಇನ್ನೊಂದಿರಲಿ ಎಂದು ಅವ್ವನ ರೆಪ್ಪೆ ಎತ್ತಿದಳು. ಡಾಕ್ಟರು ಹಾರಿ ಬಂದು ಕೈ ಹಿಡಿದರು. ಬಾಟಲಿ ಓದಿದರು.

"ಇದರಿಂದನೇ ಎದಿ ನಿಧಾನ ಆಗ್ಯದ! ಕಣ್ಣಾಗ ಹಾಕಿದ್ದು ಮೂಗಿನಾಗ ಇಳದು ರಕ್ತ ಸೇರ್ತದ. ಕೆಲವರಿಗಿ ಹೇಳಿದಷ್ಟು ಹಾಕಿದ್ರೂ ತಡಿಯಂಗಿಲ್ಲ, ನೀವು ಊರ ಮಂದಿನೆಲ್ಲ ಕರದು ಹಾಕ್ಸೀರಲ್ರಿ!"

ದೊಡ್ಡವ್ವ ಅವ್ವನ ರೆಪ್ಪೆ ಬಿಟ್ಟು ಗೋಡೆಗೆ ಸರಿದು ನಿಂತಳು.

ಆ ಹನಿ ನಿಲ್ಲಿಸಿ ಚಿಕಿತ್ಸೆ ಕೊಟ್ಟ ಮೇಲೆ ಅವ್ವ ಎದ್ದು ಕೂತಳು. ಕಣ್ಣಿಗೆ ಬೇರೆ ಔಷಧಿ ಬಂತು. ಆದರೆ ದೊಡ್ಡವ್ವ ಊರಿಗೆ ಹೋದವಳು ಇತ್ತ ತಲೆ ಹಾಕಲಿಲ್ಲ. ಅವ್ವ ಊಟ ಬಿಟ್ಟಳು.

"ನೀ ಒದರಿದಿ, ಅದಕ್ಕ ನಮ್ಮಕ್ಕ ಬರವಲ್ಲಳು. ನನ್ನ ಜೀವ ಉಳಿಸಿ ಏನ್ ಉಪ್ಪಿನಕಾಯಿ ಹಾಕ್ತಿ?"

ನನಗೆ ಮೈಯೆಲ್ಲ ಉರಿಯಿತು. ಸಾಯಿಸಹೊರಟವಳು ಬೇಕು, ಉಳಿಸಿದವಳು ಬೇಡ! ಕೊನೆಗೆ ಕಣ್ಣಿನ ಡಾಕ್ಟರನ್ನೇ ಕೇಳಿ, ಒಣಗಿದ ಕಣ್ಣಿಗೆ ಹಾಕುವ ನೀರಿನಂಥ ಹನಿ ತಂದೆ. ಬಳಗಕ್ಕೆಂದೇ ಬೇರೆ ಬಾಟಲಿ! ದೋರನಹಳ್ಳಿಗೆ ಹೋಗಿ ದೊಡ್ಡವ್ವನನ್ನೂ ಎಳೆದುತಂದೆ.

"ಹಾಕು, ಅಕ್ಕಾ," ಎಂದು ಅವ್ವ ಕಣ್ಣು ಅಗಲಿಸಿದಳು.

ದೊಡ್ಡವ್ವ ಬಾಟಲಿಯ ಮುಚ್ಚಳ ತೆಗೆದವಳು ಮತ್ತೆ ಮುಚ್ಚಿದಳು. ನನ್ನನ್ನು ಅಂಗಳಕ್ಕೆ ಕರೆದೊಯ್ದಳು.

"ಖರೆ ಹೇಳು, ಇದು ಬರೇ ನೀರ ಹೌದಿಲ್ಲೊ?"

"ಹೌದು, ದೊಡ್ಡವ್ವ."

"ಮೊದಲ ನನಗ ಹಾಕು."

ಹಾಕಿದೆ. ಎದೆಯ ಮೇಲೆ ಕೈಯಿಟ್ಟುಕೊಂಡು ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಳು. ಆಮೇಲೆ "ಬಡಿಯಾಕತ್ತದ" ಎಂದು ಎದ್ದು, ತಂಗಿಯ ಬಳಿ ಹೋದಳು.