ಸೇವಂತಿಗೆಗೆ ಬೇಕಾದ ಕತ್ತಲು

"ನಿಮ್ಮ ಲೈಟು ನಮ್ಮ ಗಿಡಗಳ್ನ ಮಲಗಕ್ಕೆ ಬುಡ್ತಿಲ್ಲ ಕಣಮ್ಮ."

ದಟ್ಟಗಳ್ಳಿಯ ನಮ್ಮ ಹೊಸ ಮನೆಯ ಗೇಟಿನಲ್ಲಿ ನಿಂತು ಆ ಹೆಂಗಸು ಹೀಗೆಂದಾಗ ನಾನು ಕೇಳಿಸಿಕೊಂಡದ್ದೇ ತಪ್ಪಿರಬೇಕು ಅಂದುಕೊಂಡೆ. ಗದಗ ಬಿಟ್ಟು ಬಂದು ಎರಡು ವರ್ಷವಾಗಿದ್ದರೂ ಮೈಸೂರಿನವರು ಸರಸರನೆ ಮಾತಾಡಿದರೆ ಅರ್ಧವನ್ನು ಊಹಿಸಿಕೊಳ್ಳಬೇಕಿತ್ತು. "ಏನಂದ್ರಿ?" ಎಂದೆ. ಅವರು ಅದನ್ನೇ ಮತ್ತೊಮ್ಮೆ, ಕಿವಿ ಮಂದವಾದವರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು.

ನಮ್ಮವರು ರೈಲು ಓಡಿಸುವವರು. ವರ್ಗವಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಲಕ್ಷ್ಮೀಪುರಂನಲ್ಲಿ ಬಾಡಿಗೆಗಿದ್ದೆವು. ಅದು ಹಳೆಯ ಬಡಾವಣೆ. ಪಕ್ಕದ ಮನೆಯ ಒಗ್ಗರಣೆ ನಮ್ಮ ಮನೆಯಲ್ಲಿ ಘಮ್ಮೆನ್ನುತ್ತಿತ್ತು. ಆಮೇಲೆ ಊರಂಚಿನ ಈ ಹೊಸ ಬಡಾವಣೆಯಲ್ಲಿ ಸ್ವಂತ ಮನೆಯಾಯಿತು. ನಮ್ಮ ಕಡೆ ಪ್ಲಾಟು ಅನ್ನುವುದನ್ನು ಇಲ್ಲಿ ಸೈಟು ಅನ್ನುತ್ತಾರೆ. ಒಂದು ಮನೆ, ಎರಡು ಖಾಲಿ ಸೈಟು, ಮತ್ತೊಂದು ಮನೆ. ಗದಗಿನ ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಊಟದ ಹೊತ್ತಿನವರೆಗೂ ಕಟ್ಟೆಯ ಮೇಲೆ ಜನ. ಅಪರಿಚಿತರು ಯಾರು ಬಂದರೂ ಹತ್ತು ಬಾಯಿ "ಯಾರು ಬೇಕ್ರಿ?" ಅನ್ನುತ್ತವೆ. ಇಲ್ಲಿ ಏಳು ಗಂಟೆಗೆ ಗೇಟುಗಳು ಮುಚ್ಚಿಕೊಳ್ಳುತ್ತವೆ. ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸಿಕೊಡಿ ಎಂದರೆ "ಮುಸುಕಿನ ಜೋಳಾನಾ?" ಎಂದು ಕೇಳುತ್ತಾರೆ. ರೊಟ್ಟಿಗೆ ಅದಾಗದು ಎಂದು ವಿವರಿಸುವಾಗ ಎಷ್ಟೋ ಸಲ ಇದೆಲ್ಲ ಯಾಕೆ ಬೇಕಿತ್ತು ಅನ್ನಿಸಿದ್ದಿದೆ.

ಗೃಹಪ್ರವೇಶವಾಗಿ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಅಂಗಳದ ತುಂಬ ನೀರು. ಹೊರಗಿನ ಹಿತ್ತಾಳೆ ನಲ್ಲಿಯನ್ನು ಯಾರೋ ತಿರುಚಿ ಕಿತ್ತೊಯ್ದಿದ್ದರು. ಹೋದದ್ದು ಒಂದು ನಲ್ಲಿಯಷ್ಟೇ. ಆದರೆ ನಾನು ಮಲಗಿದ್ದ ಕೋಣೆಯ ಕಿಟಕಿಗೂ ಆ ನಲ್ಲಿಗೂ ನಾಲ್ಕು ಅಡಿ ಅಂತರ. ನಮ್ಮವರು ಡ್ಯೂಟಿಗೆ ಹೋದರೆ ಎರಡು ದಿನ ನಾನೊಬ್ಬಳೇ. ಅವರು ಮರುದಿನವೇ ದೊಡ್ಡದೊಂದು ಫ್ಲಡ್ ಲೈಟ್ ತಂದು ಮಹಡಿಯ ಮೂಲೆಗೆ, ಪಕ್ಕದ ಖಾಲಿ ಸೈಟಿನ ಕಡೆಗೆ ಮುಖ ಮಾಡಿ ಹಾಕಿಸಿದರು. ಸಂಜೆಯಾದರೆ ತಾನೇ ಹತ್ತಿಕೊಂಡು ಬೆಳಗಿನವರೆಗೂ ಬೆಳ್ಳಗೆ ಉರಿಯುವ ದೀಪ. ಅದು ಬಂದ ಮೇಲೆಯೇ ನಾನು ಕಣ್ತುಂಬ ನಿದ್ದೆ ಮಾಡಿದ್ದು.

ಆ ಹೆಂಗಸು, ಪುಟ್ಟತಾಯಮ್ಮ, ಕೆಡಿಸಲು ಬಂದದ್ದು ಆ ನಿದ್ದೆಯನ್ನು. ಪಕ್ಕದ ಸೈಟಿನಲ್ಲಿ ಸೇವಂತಿಗೆ ಬೆಳೆಯುತ್ತಿದ್ದವರು ಅವರೇ. ಸೇವಂತಿಗೆ ಮೊಗ್ಗು ಹಿಡಿಯಬೇಕಾದರೆ ಉದ್ದನೆಯ ಕತ್ತಲು ಬೇಕಂತೆ, ರಾತ್ರಿಯೆಲ್ಲ ಬೆಳಕು ಬಿದ್ದರೆ ಗಿಡ ಎಲೆಯನ್ನಷ್ಟೇ ಬಿಡುತ್ತದಂತೆ.

ನನಗೆ ಸಿಟ್ಟು ಬಂತು. "ನಿಮ್ಮ ಹೂವಿನ ಸಲುವಾಗಿ ನಾ ಒಬ್ಬಾಕೆ ಕತ್ತಲದಾಗ ಇರಬೇಕೇನ್ರಿ?" ಎಂದುಬಿಟ್ಟೆ.

ಅವರು ವಾದಕ್ಕೆ ನಿಲ್ಲಲಿಲ್ಲ. "ಆಯ್ತು ಬುಡಿ" ಎಂದು ಸೆರಗು ಸರಿಮಾಡಿಕೊಂಡು ಹೋದರು. ಜಗಳವಾಡಿದ್ದರೆ ಮರೆಯುತ್ತಿದ್ದೆನೋ ಏನೋ.

ಮರುದಿನ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದೆ. ಆಚೆ ತುದಿಯ ಸಾಲುಗಳಲ್ಲಿ ಬಟಾಣಿ ಗಾತ್ರದ ಮೊಗ್ಗುಗಳು. ನಮ್ಮ ಗೋಡೆಯ ಕಡೆಯ ಸಾಲುಗಳಲ್ಲಿ ಬರೀ ಎಲೆ, ಸೊಂಪಾಗಿ, ಮೊಣಕಾಲೆತ್ತರ. ದೀಪದ ಬೆಳಕು ಎಲ್ಲಿಗೆ ಮುಟ್ಟಿ ಎಲ್ಲಿ ನಿಲ್ಲುತ್ತಿತ್ತೆಂದು ಗೆರೆ ಎಳೆದು ತೋರಿಸಿದಂತಿತ್ತು. ಪುಟ್ಟತಾಯಮ್ಮ ಕಳೆ ಕೀಳುತ್ತಿದ್ದರು. ಗೇಟು ತೆಗೆದು ಆಚೆ ಹೋದೆ.

"ಮುಂದಿನ ಸಲ ಗಿಡ ದೂರ ಹಾಕಬಹುದಲ್ರಿ?" ಎಂದೆ, ಸಮಾಧಾನ ಹೇಳುವಂತೆ.

"ಮುಂದಿನ ಸಲ ಎಲ್ಲಮ್ಮ? ಸೈಟಿನೋರು ಕಾರ್ತೀಕ ಕಳೀತಿದ್ದಂಗೆ ಪಾಯ ತೆಗೀತಾರೆ. ಇದೇ ಕೊನೆ." ಕೈಯ ಮಣ್ಣು ಕೊಡವಿಕೊಂಡು ನಮ್ಮ ಮನೆಯ ಕಡೆ ನೋಡಿದರು. "ನಿಮ್ಮ ಅಡುಗೆಮನೆ ಐತಲ್ಲ, ಅಲ್ಲಿ ನಮ್ಮತ್ತೆ ಹುರುಳಿ ಒಕ್ಕೋರು. ಎಲ್ಲಾ ಮೊದ್ಲು ನಮ್ಮ ಹೊಲವೇ, ಸೈಟಿಗೆ ಹೋಯ್ತು. ನೀವಾದ್ರೆ ಊರು ಬುಟ್ಟು ಬಂದ್ರಿ. ನಾನೆಲ್ಲೂ ಹೋಗ್ನಿಲ್ಲ ಕಣಮ್ಮ, ಆದ್ರೂ ನಮ್ಮೂರು ಎಲ್ಲೈತೆ ಅಂತ ಹುಡುಕ್ಬೇಕು."

ಎರಡು ವರ್ಷ ನಾನೊಬ್ಬಳೇ ವಲಸೆ ಬಂದವಳೆಂದು ನನಗಾಗಿ ನಾನೇ ಮರುಗಿಕೊಂಡಿದ್ದೆ. ಆ ಬೆಳಿಗ್ಗೆ ಅವರ ಪಕ್ಕದಲ್ಲಿ ಕೂತು ನಾನೂ ನಾಲ್ಕು ಕಳೆ ಕಿತ್ತೆ. ಹಾಗಂತ ಹೆದರಿಕೆಯೇನೂ ಹೋಗಲಿಲ್ಲ.

ವಿದ್ಯಾರಣ್ಯಪುರಂನ ಎಲೆಕ್ಟ್ರಿಷಿಯನ್ ಮಹದೇವಣ್ಣ ನಮ್ಮ ಮನೆಯ ವೈರಿಂಗ್ ಮಾಡಿದವರು. ಅವರನ್ನು ಕರೆಸಿದೆ. ಏಣಿ ಹತ್ತಿ ದೀಪ ಬಿಚ್ಚಿ ತಂದು ನನ್ನ ಮುಂದಿಟ್ಟರು. ಒಂದೇ ಮಳೆಗಾಲಕ್ಕೆ ಪ್ಲಾಸ್ಟಿಕ್ ಮೈ ಹಳದಿಯಾಗಿ ಸೀಳು ಬಿಟ್ಟಿತ್ತು. ಒಳಗೆ ನೀರಿನ ಹನಿ, ಸತ್ತ ಹುಳಗಳು, ತುಕ್ಕು ಹಿಡಿದ ಸ್ಕ್ರೂ. "ನಾನ್ ಬಂದಿದ್ದು ಒಳ್ಳೇದಾಯ್ತು ಮೇಡಂ. ಇನ್ನೆರಡು ತಿಂಗಳಿಗೆ ತಾನೇ ಹೋಗ್ತಿತ್ತು."

"ಹಂಗಿದ್ರ ಇದಕ್ಕಿಂತ ಜೋರಾದ್ದು ಹಾಕ್ರಿ. ಆದರ ಹೂವಿನ ಮ್ಯಾಲೆ ಬೀಳಬಾರದು" ಎಂದೆ.

ಮಹದೇವಣ್ಣ ನಕ್ಕು, ಮೊದಲು ಒಂದು ತೋರಿಸ್ತೀನಿ ಎಂದು ಅದನ್ನೇ ಒರೆಸಿ ಮತ್ತೆ ಸಿಕ್ಕಿಸಿದರು. ಮುಸ್ಸಂಜೆ ಕವಿದು ದೀಪ ಹತ್ತಿಕೊಂಡಾಗ ನನ್ನನ್ನು ಗೇಟಿನ ಬಳಿ ನಿಲ್ಲಿಸಿ ತಾವು ಮನೆಯ ಮೂಲೆಗೆ ಹೋದರು. "ಕಾಣ್ತಿದೀನಾ?" ಧ್ವನಿ ಕೇಳಿತು. ಕಣ್ಣಿಗೆ ಬೆಳಕು ರಾಚುತ್ತಿತ್ತು, ಅದರ ಕೆಳಗೆಲ್ಲ ಇದ್ದಲಿನಂಥ ಕಪ್ಪು. ಕಾಣುತ್ತಿಲ್ಲ ಎಂದೆ. ಅವರು ನೆರಳಿನಿಂದ ಎರಡು ಹೆಜ್ಜೆ ಮುಂದೆ ಬಂದರು. ಅಲ್ಲಿಯವರೆಗೆ ಅವರು ನಲ್ಲಿ ಇದ್ದ ಜಾಗದಲ್ಲೇ ನಿಂತಿದ್ದರು. ಇಷ್ಟು ತಿಂಗಳು ನಾನು ನಂಬಿ ಮಲಗಿದ್ದ ದೀಪ ಹೂದೋಟಕ್ಕೆ ಬೆಳಕು ಚೆಲ್ಲಿ, ನನ್ನ ಕಿಟಕಿಯನ್ನು ಕತ್ತಲಲ್ಲಿಟ್ಟಿತ್ತು.

ಮರುದಿನ ಅವರೊಡನೆ ಅಂಗಡಿಗೆ ನಾನೇ ಹೋದೆ. ಒಬ್ಬಳೇ ಇರುವವಳು ನಾನು, ಆರಿಸಬೇಕಾದವಳೂ ನಾನೇ. ಮೈ ಎರಕದ ಅಲ್ಯೂಮಿನಿಯಮ್ಮಿನದಾಗಿರಬೇಕು, ಮುಂದೆ ದಪ್ಪ ಗಾಜು, ಗಾಜಿನ ಸುತ್ತ ರಬ್ಬರ್ ಪಟ್ಟಿ, ತುಕ್ಕು ಹಿಡಿಯದ ಸ್ಕ್ರೂ. ಧೂಳು, ಮಳೆನೀರು ಒಳನುಗ್ಗದು ಎನ್ನುವುದಕ್ಕೆ ಐಪಿ ಅರವತ್ತೈದು ಎಂಬ ಗುರುತಿರುತ್ತದೆ, ಅದನ್ನು ಡಬ್ಬಿ ತಿರುಗಿಸಿ ನೋಡಬೇಕು. ಅಂಗಡಿಯವರು ಮತ್ತೆ ದೊಡ್ಡ ಬಿಳಿ ದೀಪವನ್ನೇ ಮುಂದೆ ಚಾಚಿದರು. "ಅದು ಬ್ಯಾಡ್ರಿ, ಹಳದಿ ಛಾಯೆಯ ಸಣ್ಣ ದೀಪ ತೋರಿಸ್ರಿ, ಮ್ಯಾಲೆ ಟೋಪಿ ಇರಬೇಕು, ಬೆಳಕು ನೆಲಕ್ಕಷ್ಟೇ ಬೀಳಬೇಕು" ಎಂದೆ. ನನ್ನ ಗದಗಿನ ಕನ್ನಡದಲ್ಲೇ ಹೇಳಿದೆ. ಅವರು ಒಂದು ಸಲವೂ "ಏನಂದ್ರಿ?" ಎನ್ನಲಿಲ್ಲ.

ಹಳೆಯ ದೀಪ ತೆಗೆಸಿ, ಗೇಟಿಗೊಂದು, ನಲ್ಲಿಯ ಪಕ್ಕದ ಸಂದಿಗೊಂದು, ಯಾರಾದರೂ ನಡೆದು ಬಂದರೆ ಮಾತ್ರ ಹತ್ತುವ ಸೆನ್ಸರ್ ದೀಪ ಹಾಕಿಸಿದೆವು. ನಾಯಿ ಓಡಾಡಿದರೆ ಹತ್ತದಂತೆ ಮಹದೇವಣ್ಣ ಎರಡು ಸಂಜೆ ತಿರುಪು ಹೊಂದಿಸಿದರು. ಮೊದಲ ವಾರ ಕಿಟಕಿಯ ಕತ್ತಲನ್ನು ನೋಡುತ್ತಾ ಮಲಗಿದೆ. ಆಮೇಲೆ ಅರ್ಥವಾಯಿತು, ದೀಪ ಹತ್ತಿಲ್ಲವೆಂದರೆ ಯಾರೂ ಬಂದಿಲ್ಲ. ಪುಟ್ಟತಾಯಮ್ಮ ಸಂಜೆ ಮಾತಾಡಲು ಬಂದಾಗಲೆಲ್ಲ ಅದು ತಟ್ಟನೆ ಹತ್ತಿಕೊಳ್ಳುತ್ತಿತ್ತು. "ನಿಮ್ಮ ಲೈಟು ನನ್ನೇ ಕಳ್ಳಿ ಅಂದ್ಕೋತದೆ ನೋಡಿ" ಎಂದು ನಗುತ್ತಿದ್ದರು.

ಗೋಡೆಯ ಕಡೆಯ ಗಿಡಗಳು ತಡವಾಗಿ ಮೊಗ್ಗು ಬಿಟ್ಟವು. ಭೂಮಿಪೂಜೆಯ ದಿನ ಬಂದಾಗ ಅರ್ಧದಷ್ಟು ಅರಳಿದ್ದವು, ಉಳಿದವು ಮೊಗ್ಗಾಗಿಯೇ ಗುದ್ದಲಿಗೆ ಹೋದವು. ನಾನು ಕ್ಷಮೆ ಕೇಳಿದೆ. ಅವರು ಬಿಡಿಸಿದ ಹೂವನ್ನು ಮೊರದಲ್ಲಿ ತುಂಬಿಕೊಂಡು, ಸೈಟಿನವರು ಕೇಳದೆಯೇ ಪೂಜೆಗೆ ಕೊಟ್ಟರು. "ನಮ್ಮ ಭೂಮಿಗಲ್ವಾ ಪೂಜೆ, ಯಾರ್ ಮಾಡಿದ್ರೇನು?" ಎಂದವರು ಮಂಗಳಾರತಿಗೆ ನಿಲ್ಲದೆ ಮನೆಗೆ ಹೋದರು.

ಸಂಕ್ರಾಂತಿಗೆ ಗದಗಿಗೆ ಹೋಗಿದ್ದೆ. ಸಂಜೆ ಕರೆಂಟು ಹೋಗಿತ್ತು. ಹುಟ್ಟಿ ಬೆಳೆದ ಮನೆಯಲ್ಲವೇ ಎಂದು ಹಿತ್ತಲಿಂದ ಸರಸರ ಒಳಗೆ ಬಂದವಳು ಹೊಸ್ತಿಲಿಗೆ ಎಡವಿ ಬಿದ್ದೆ. ಅಣ್ಣ ಅದನ್ನು ಎತ್ತರ ಮಾಡಿಸಿದ್ದು ನನಗೆ ಗೊತ್ತೇ ಇರಲಿಲ್ಲ.

"ದೀಪಾ ಹಚ್ಚೂತನಾ ತಡೀಬಾರ್ದೇನವಾ?" ಅವ್ವ ಗಾಬರಿಯಿಂದ ಓಡಿ ಬಂದಳು.

"ಏನಾಗ್ನಿಲ್ಲ ಬುಡಿ" ಎಂದೆ, ಹೆತ್ತ ತಾಯಿಗೆ.

ಅವ್ವ ಕತ್ತಲಲ್ಲೇ ನನ್ನ ಕಾಲು ಹುಡುಕಿ, ಹೆಬ್ಬೆರಳು ತಿಕ್ಕುತ್ತಾ ಕೇಳಿದಳು: "ಏನಂದಿ?"