ಕ್ಲಾಂಪಿನಡಿ ಸಿಕ್ಕ ಚೆಂಡುಹೂವಿನ ಎಸಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಂದ್ರಾ ಕಡೆಯ ದಡದಲ್ಲಿರುವ ಹಾಯಿದೋಣಿ ಕ್ಲಬ್ಬಿನ ಜೆಟ್ಟಿಯ ತುದಿಯಲ್ಲಿ ಸಾಯಬಣ್ಣ ಕಬ್ಬಿಣದ ಕಂಬ ಹತ್ತಿ ಕುಳಿತಿದ್ದಾರೆ. ಒಂದು ತೋಳು ಕಂಬವನ್ನು ಬಳಸಿದೆ, ಇನ್ನೊಂದು ಕೈಯಲ್ಲಿ ನಟ್ಟು ಬಿಗಿಯುವ ಪಾನಾ. ಕ್ಯಾಮರಾ ಹಿಡಿದಿಡುವ ಕ್ಲಾಂಪನ್ನು ಬಿಗಿಯುವ ಮೊದಲು ಅದರ ಒಳಮೈಯಲ್ಲಿ ಹೆಬ್ಬೆರಳಿನ ಉಗುರು ಆಡಿಸುತ್ತಾರೆ. ಏನೂ ಇಲ್ಲ. ಆದರೂ ಅಂಗಿಯೊಳಗಿನ ಬನಿಯನ್ನಿನ ಅಂಚಿನಿಂದ ಒರೆಸಿ, ಮತ್ತೊಮ್ಮೆ ಉಗುರು ಆಡಿಸಿ, ಆಮೇಲೆಯೇ ಬಿಗಿಯುತ್ತಾರೆ.

ಕೆಳಗೆ ನೀರಿನಲ್ಲಿ ಮೋಟಾರು ದೋಣಿ ನಿಲ್ಲಿಸಿಕೊಂಡ ಮೋನಪ್ಪನಿಗೆ ಇದನ್ನು ನೋಡಿ ಸಾಕಾಗಿದೆ. ಉಡುಪಿ ಕಡಲಿನವರಾದ ಅವರ ಕೆಲಸ ಗುರುತಿನ ಕಿತ್ತಳೆ ಬಣ್ಣದ ಬೋಯಾವನ್ನು ಒಯ್ದು, ಲಂಗರಿನ ಹಗ್ಗಕ್ಕೆ ಕಟ್ಟಿ ನೀರಿನಲ್ಲಿ ತೇಲಿಬಿಡುವುದು. "ಎಂತ ಸಾಯಬಣ್ಣ, ಇವತ್ತು ಅಂಗಿಗೆ ಇಸ್ತ್ರಿ? ಪೇಪರಿನವರು ಬಂದದ್ದಕ್ಕಾ? ನನ್ನ ಬೋಟಿನ ಫೋಟೊ ತೆಗೀಲಿಕ್ಕೆ ಹೇಳು ಮಾರಾಯ. ನಿನ್ನ ಮುಖಕ್ಕಿಂತ ಅದೇ ಚಂದ ಉಂಟು."

"ಅದರದ್ದೇ ತಗೀಲಿ," ಎನ್ನುತ್ತಾರೆ ಸಾಯಬಣ್ಣ. ನಗುವುದಿಲ್ಲ. ಪತ್ರಿಕೆಗೆಂದು ಫೋಟೊ ತೆಗೆಯಲು ಮೊಬೈಲ್ ಎತ್ತಿದರೆ ಮುಖವನ್ನು ಕಂಬದ ಕಡೆಗೆ ತಿರುಗಿಸುತ್ತಾರೆ.

ಹಾಯಿದೋಣಿಗಳ ಓಟಕ್ಕೆ ಹೊರಡುವ ಗೆರೆ ನೀರಿನ ಮೇಲೆ ಕಾಣುವುದಿಲ್ಲ. ಜೆಟ್ಟಿಯ ಈ ಕಂಬದಿಂದ ಆಚೆ ತೇಲುವ ಬೋಯಾದವರೆಗೆ ಕಣ್ಣಿನಲ್ಲೇ ಎಳೆದುಕೊಂಡ ನೇರ ರೇಖೆ ಅದು. ದೋಣಿಗಳಿಗೆ ಬ್ರೇಕಿಲ್ಲ. ಗಾಳಿಯನ್ನು ಹಾಯಿಯಲ್ಲಿ ಹಿಡಿದು, ಬಿಟ್ಟು, ಗೆರೆಯ ಹಿಂದೆಯೇ ಸುಳಿದಾಡುತ್ತ, ಸೈರನ್ ಕೂಗಿದ ಕ್ಷಣಕ್ಕೆ ಸರಿಯಾಗಿ ಮೂತಿ ತಾಗಿಸಬೇಕು. ತಡವಾದರೆ ಮುಂದಿನವರ ಹಾಯಿ ಗಾಳಿಯನ್ನು ಕದಿಯುತ್ತದೆ. ಬೇಗ ದಾಟಿದರೆ ತಪ್ಪು. ಮೂವತ್ತು ದೋಣಿ ಒಟ್ಟೊಟ್ಟಿಗೆ ನುಗ್ಗುವಾಗ ಯಾರ ಮೂತಿ ಒಂದಡಿ ಮುಂದಿತ್ತು ಎಂದು ಬರಿಗಣ್ಣಿನಲ್ಲಿ ಹೇಳುವುದು ಕಷ್ಟ. ಅದಕ್ಕೇ ಈ ಕ್ಯಾಮರಾ. ಅದರ ಪರದೆಯ ನಡುವೆ ಒಂದು ಕೆಂಪು ರೇಖೆ ಎಳೆದಿದೆ. ಅದು ಬೋಯಾದ ಮೇಲೆ ಸರಿಯಾಗಿ ಹಾಯುವಂತೆ ಕ್ಯಾಮರಾ ಕೂರಿಸಬೇಕು. ಹಾಯಿಗಳು ಅಡ್ಡ ಬಂದು ಬೋಯಾ ಮರೆಯಾದಾಗ ನಂಬಲಿಕ್ಕೆ ಉಳಿಯುವುದು ಆ ಕೆಂಪು ರೇಖೆ ಒಂದೇ.

ಪ್ರತಿ ದೋಣಿಯ ಹಿಂಬದಿಗೆ ಸಾಬೂನು ಡಬ್ಬಿಯಷ್ಟು ದೊಡ್ಡ ಟ್ರ್ಯಾಕರ್ ಕಟ್ಟುವುದೂ ಸಾಯಬಣ್ಣನವರ ಕೆಲಸವೇ. ಉಪಗ್ರಹಗಳಿಂದ ಸ್ಥಾನ ತಿಳಿಯುವ ಆ ಡಬ್ಬಿ ಪರದೆಯ ಮೇಲೆ ಪ್ರತಿ ದೋಣಿಯನ್ನೂ ಒಂದು ಚುಕ್ಕೆಯಾಗಿ ತೋರಿಸುತ್ತದೆ. ಆದರೆ ಒಂದೆರಡು ಮೀಟರ್ ಆಚೀಚೆ ಆಗಬಹುದು. ಓಟದ ದಾರಿಗೆ ಅಷ್ಟು ಸಾಕು, ಗೆರೆಯ ಬಳಿ ಸಾಲದು. ಅಲ್ಲಿ ಕ್ಯಾಮರಾ ಹೇಳಿದ್ದೇ ಕೊನೆ.

ಸಾಯಬಣ್ಣ ಕಲಬುರಗಿಯ ಅಫಜಲಪುರ ಕಡೆಯವರು. ಮುಂಬೈಗೆ ಬಂದದ್ದು ಬಿಲ್ಡಿಂಗುಗಳಿಗೆ ಪರಾಂಚಿ ಕಟ್ಟಲು. ಬಿದಿರಿಗೆ ಬಿದಿರು ಬಿಗಿದು, ಆ ಗಂಟಿನ ಮೇಲೆ ತಾವೇ ನಿಂತು, ಇನ್ನೂ ಮೇಲಕ್ಕೆ ಕಟ್ಟುತ್ತ ಹೋಗುವ ಕೆಲಸ. ಕ್ಲಬ್ಬಿನ ಗೋಡೆಗೆ ಬಣ್ಣ ಬಳಿಯುವಾಗ ಪರಾಂಚಿ ಕಟ್ಟಲು ಬಂದಿದ್ದ ಇವರ ಗಂಟು ನೋಡಿ ಯಾರೋ ಇಲ್ಲೇ ಉಳಿಸಿಕೊಂಡರು. ಸಯನ್‌ನ ಚಾಳಿನಲ್ಲಿ ಒಂದೇ ಖೋಲಿಯ ಮನೆ. ಹೆಂಡತಿ ಸುಂದ್ರವ್ವ ಮಾಟುಂಗದ ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ಬಹುಮಾನ ಕೊಡುವ ದಿನದ ಯಾವ ಫೋಟೊದಲ್ಲೂ ಸಾಯಬಣ್ಣ ಇಲ್ಲ. ಆ ಹೊತ್ತಿಗೆ ಅವರು ಟ್ರ್ಯಾಕರುಗಳ ಉಪ್ಪು ತೊಳೆಯುತ್ತಿರುತ್ತಾರೆ.

ದೋಣಿಗಳು ದಡದಲ್ಲಿ ಸಾಲಾಗಿ ನಿಂತಿವೆ. ಸಾಯಬಣ್ಣ ಒಂದೊಂದರ ಹಿಂದೆಯೂ ಮಂಡಿಯೂರಿ ಟ್ರ್ಯಾಕರ್ ಕಟ್ಟುತ್ತ ಬರುತ್ತಾರೆ. ಕೊನೆಗೆ ಉಳಿದದ್ದು ಧಾತ್ರಿಯದು. ಮಾಟುಂಗದ ಮೈಸೂರು ಮೂಲದ ಮನೆಯ ಹುಡುಗಿ, ಕಾಲೇಜು ಓದುತ್ತಿದ್ದಾಳೆ.

"ಕಾಕಾ, ನಂದು ಯಾವಾಗ್ಲೂ ಲಾಸ್ಟ್ ಯಾಕೆ?" ಕನ್ನಡವನ್ನು ಅವಳು ಹುಡುಕಿ ಹುಡುಕಿ ಆಡುತ್ತಾಳೆ. "ನಾನೂ ಲಾಸ್ಟ್, ಟ್ರ್ಯಾಕರೂ ಲಾಸ್ಟ್. ಮ್ಯಾಚಿಂಗ್."

ಸಾಯಬಣ್ಣ ಗಂಟು ಬಿಗಿದು ಎದ್ದು ಹೋಗುತ್ತಾರೆ. ಅವಳ ಮುಖ ನೋಡುವುದಿಲ್ಲ.

ಜೆಟ್ಟಿಯ ಮೇಲಿನ ಪುಟ್ಟ ಕೋಣೆಯಲ್ಲಿ ಎರಡು ಪರದೆಗಳಿವೆ. ಮೊದಲ ಓಟಕ್ಕೆ ಸೈರನ್ ಕೂಗುತ್ತದೆ. ಇಪ್ಪತ್ತೊಂಬತ್ತು ಚುಕ್ಕೆಗಳು ಗೆರೆಗೆ ಮುತ್ತುತ್ತವೆ. ಒಂದು ಚುಕ್ಕೆ ಎರಡು ದೋಣಿಯುದ್ದ ಹಿಂದೆಯೇ ನಿಂತು, ಎಲ್ಲರೂ ಹೋದ ಮೇಲೆ ಹೊರಡುತ್ತದೆ.

"ಅದು ಧಾತ್ರಿ," ಎಂದು ಸಾಯಬಣ್ಣ ಬೆರಳಿಡುತ್ತಾರೆ. "ದಸರಾದಿಂದ ಹಿಂಗ ಮಾಡ್ತಾಳ್ರಿ. ಮೊದ್ಲ ಹಿಂಗಿರಲಿಲ್ಲ. ಗೆರಿ ಮ್ಯಾಲ ಕತ್ತಿ ಇಟ್ಟಂಗ ಬರ್ತಿದ್ಲು. ಈಗ ಅಂಜ್ತಾಳ. ಅಂಜಿಸಿದಾಂವ ನಾನು."

ಓಟ ನಡೆಯುತ್ತಿರುವಾಗ, ಪರದೆಯಿಂದ ಕಣ್ಣು ಕೀಳದೆ, ಅವರು ಉಳಿದದ್ದನ್ನು ಹೇಳುತ್ತಾರೆ.

ಮಹಾನವಮಿಯ ಸಂಜೆ ಕ್ಲಬ್ಬಿನ ಕೆಲಸಗಾರರೆಲ್ಲ ಸೇರಿ ಆಯುಧಪೂಜೆ ಮಾಡುವುದು ರೂಢಿ. ಮೋಟಾರು, ಲಂಗರು, ಹಗ್ಗದ ಸುರುಳಿ, ಮೋನಪ್ಪನ ದೋಣಿ, ಎಲ್ಲಕ್ಕೂ ಕುಂಕುಮ, ಹೂವು. ಸುಂದ್ರವ್ವ ಮನೆಯಿಂದ ಚೆಂಡುಹೂವಿನ ಮಾಲೆ ಕಟ್ಟಿ ಕಳಿಸಿದ್ದರು. ಸಾಯಬಣ್ಣ ಕ್ಯಾಮರಾವನ್ನು ಕೆಳಗಿಳಿಸಿ ಮಣೆಯ ಮೇಲಿಟ್ಟು ಮಾಲೆ ಹಾಕಿದರು. ಮರುದಿನ ದಸರಾ ರಜೆ, ದೊಡ್ಡ ಪಂದ್ಯ. ಏರಿಸಿದ ಹೂವನ್ನು ಬಾಡುವ ಮೊದಲೇ ಕಿತ್ತು ಬಿಸಾಡಲು ಮನಸ್ಸಾಗಲಿಲ್ಲ. ಮಾಲೆಯ ಸಮೇತ ಕ್ಯಾಮರಾವನ್ನು ಕಂಬಕ್ಕೇರಿಸಿದರು. ಕ್ಲಾಂಪ್ ಬಿಗಿದರು. ಬಿಗಿಯಾಗಿಯೇ ಇತ್ತು. ಕೆಂಪು ರೇಖೆ ಬೋಯಾದ ಮೇಲೆ ಸರಿಯಾಗಿ ಕೂತಿತ್ತು.

ಮೊದಲೆರಡು ಓಟ ಸರಿಹೋದವು. ಮೂರನೆಯದರ ಹೊತ್ತಿಗೆ ಗಾಳಿ ಜೋರಾಯಿತು. ದೋಣಿಗಳು ಮತ್ತೆ ಮತ್ತೆ ಗುಂಪಾಗಿ ಮುಂಚೆಯೇ ದಾಟಿ ಓಟ ನಿಂತಿತು. ಕೊನೆಗೆ ಕಪ್ಪು ಬಾವುಟ ಏರಿತು. ಅದು ಏರಿದ ಮೇಲೆ ಮುಂಚೆಯೇ ಗೆರೆ ದಾಟಿದವರಿಗೆ ಹಿಂದಿರುಗಿ ಬರುವ ಅವಕಾಶವಿಲ್ಲ, ಆ ಓಟದಿಂದಲೇ ಹೊರಗೆ. ಪ್ರತಿ ಸಲ ಹೊರಡಿಸುವ ಮೊದಲು ರೇಖೆ ಬೋಯಾದ ಮೇಲಿದೆಯೇ ಎಂದು ನೋಡಬೇಕು. ಆ ಗಡಿಬಿಡಿಯಲ್ಲಿ ಸಾಯಬಣ್ಣ ನೋಡಲಿಲ್ಲ.

ಸೈರನ್ ಕೂಗಿದಾಗ ಬೋಯಾ ಹಾಯಿಗಳ ಮರೆಯಲ್ಲಿತ್ತು. ಪರದೆಯಲ್ಲಿ ಧಾತ್ರಿಯ ದೋಣಿಯ ಮೂತಿ ಕೆಂಪು ರೇಖೆಯಿಂದ ಆಚೆ ಕಂಡಿತು. ಟ್ರ್ಯಾಕರ್ ಅವಳನ್ನು ಈಚೆ ತೋರಿಸಿತು. ಓಟದ ಅಧಿಕಾರಿ ಅನುರಾಗ್, ನಿಯಮದಂತೆ, ಕ್ಯಾಮರಾ ಹೇಳಿದ್ದನ್ನು ತೆಗೆದುಕೊಂಡರು. ಮೊದಲೆರಡು ಓಟಗಳ ಲೆಕ್ಕದಲ್ಲಿ ಧಾತ್ರಿ ಎಲ್ಲರಿಗಿಂತ ಮುಂದಿದ್ದಳು. ಆ ಪಂದ್ಯದಲ್ಲಿ ಮೊದಲು ಬಂದ ಹುಡುಗಿಗೆ ಚೆನ್ನೈಯ ತರಬೇತಿ ಶಿಬಿರಕ್ಕೆ ಜಾಗವಿತ್ತು. ಅದು ಇನ್ನೊಬ್ಬಳಿಗೆ ಹೋಯಿತು. ಶಿಬಿರವೂ ಮುಗಿದಿದೆ. ಧಾತ್ರಿಗೆ ವಿಡಿಯೊ ತೋರಿಸಿದ್ದರು. ಅವಳು ಎರಡು ಸಲ ನೋಡಿ, "ಸಾರಿ ಸರ್" ಎಂದು ಹೇಳಿ ಹೋಗಿದ್ದಳು.

"ಆಕಿ ಸಾರಿ ಅಂದ್ಲು," ಎನ್ನುತ್ತಾರೆ ಸಾಯಬಣ್ಣ. "ಸಂಜಿಗೆ ಕ್ಯಾಮರಾ ಇಳಸ್ಲಿಕ್ಕೆ ಕಂಬ ಹತ್ತಿದೆ. ಪಾನಾ ಹಚ್ಚೂಕಿಂತ ಮೊದ್ಲ ಕ್ಯಾಮರಾ ಕೈಯಾಗ ತಿರುಗ್ತು. ಕ್ಲಾಂಪ್ ಬಿಚ್ಚಿದ್ರ ಅದರ ಬುಡಕ ಹೂವಿನ ಎಸಳು. ಅರದು ಹಿಟ್ಟಾಗಿತ್ತು. ಆಗ ತಿಳೀತ್ರಿ."

ಹಸಿ ಎಸಳು ಕ್ಲಾಂಪಿಗೂ ಕಂಬಕ್ಕೂ ನಡುವೆ ಸಿಕ್ಕಿ, ಬಿಸಿಲಿಗೆ, ಗಾಳಿಯ ಅಲುಗಾಟಕ್ಕೆ ಅರೆದುಹೋಗಿ, ಕ್ಲಾಂಪ್ ಜಾರಿತ್ತು. ಕ್ಯಾಮರಾ ಅರ್ಧ ಡಿಗ್ರಿ ತಿರುಗಿದರೂ ಸಾಕು, ನೂರು ಮೀಟರಿನಾಚೆ ರೇಖೆ ಸುಮಾರು ಒಂದು ಮೀಟರ್ ಸರಿಯುತ್ತದೆ. ಧಾತ್ರಿ ದಾಟಿದ್ದಾಳೆ ಎಂದದ್ದು ಅದಕ್ಕಿಂತ ಕಡಿಮೆ ಅಂತರದಲ್ಲಿ.

"ಅನುರಾಗ್ ಸಾಹೇಬ್ರು ಕೆಳಗ ನಿಂತು ಚಹಾ ಕುಡೀತಿದ್ರು. ಅಲ್ಲೇ ಹೇಳಬಹುದಿತ್ತು. ಆಕಿ ದೋಣಿನೂ ಇನ್ನಾ ದಂಡಿಮ್ಯಾಲ ಇತ್ತು. ನಾ ಏನ್ ಮಾಡಿದೆ ಗೊತ್ತೇನ್ರಿ? ಆ ಎಸಳು ಉಗುರಿಲೆ ಕೆರದು ಸಮುದ್ರಕ್ಕ ಒಗದೆ. ಕೈ ಪ್ಯಾಂಟಿಗೆ ವರಸ್ಕೊಂಡೆ. ಕೆಳಗಿಳದು ನಾನೂ ಚಹಾ ಕುಡದೆ."

ಹೂವು ಸಿಕ್ಕಿಕೊಳ್ಳುವುದು ಯಾರಿಗಾದರೂ ಆಗಬಹುದಿತ್ತು, ಎಂದರೆ ಅವರು ಒಪ್ಪುವುದಿಲ್ಲ. "ಹೂವಿನ ಮಾತು ಬ್ಯಾರೆ. ಒಗದದ್ದು ನಾನು."

ಹೇಳಿಕೊಂಡದ್ದು ಸುಂದ್ರವ್ವನ ಮುಂದೆ ಮಾತ್ರ. ಆಕೆ ಆಮೇಲೆ ಆ ಮಾತು ಎತ್ತಲೇ ಇಲ್ಲ, ಗಂಡನ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತಾರಂತೆ ಎಂಬ ಸುದ್ದಿ ಮನೆಗೆ ಹೋಗುವವರೆಗೆ. "ನಿನ್ನಿ ರಾತ್ರಿ ಅಂಗಿ ಇಸ್ತ್ರಿ ಮಾಡ್ಕೋತ ಅಂದ್ಲು, ಪೇಪರ್‌ದಾಗ ನಿಮ್ ಮಾರಿ ಬರ್ತದಂತ, ಆ ಹುಡುಗಿ ನೋಡಿ ನಮ್ಮ ಕಾಕಾ ಅಂತ ಖುಷಿ ಪಡ್ತಾಳ, ಆಗ ನೀವು ಎಲ್ಲಿ ಮಾರಿ ಇಟಗೋತೀರಿ? ನಂಗ ಅನ್ನ ಇಳೀಲಿಲ್ರಿ. ಇವತ್ತು ಹೇಳ್ಬೇಕಂತನ ಬಂದೀನಿ. ಮುಂಜಾನಿ ಟ್ರ್ಯಾಕರ್ ಕಟ್ಟುವಾಗ ಬಾಯಿ ಬರಲಿಲ್ಲ."

ಮೊದಲ ಓಟ ಮುಗಿದು ದೋಣಿಗಳು ದಡಕ್ಕೆ ಬರುತ್ತವೆ. ಧಾತ್ರಿ ಇಪ್ಪತ್ತೆರಡನೆಯವಳು. ಬಾಟಲಿಯ ನೀರು ತಲೆಗೆ ಸುರಿದುಕೊಳ್ಳುತ್ತಿದ್ದಾಳೆ. ಸಾಯಬಣ್ಣ ಅವಳ ದೋಣಿಯ ಹಿಂದೆ ಮಂಡಿಯೂರುತ್ತಾರೆ. ಗಂಟು ಸರಿಯಾಗಿಯೇ ಇದೆ. ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಾರೆ.

"ಬೇಟಾ, ದಸರಾದಾಗ ನೀ ದಾಟಿರ್ಲಿಲ್ಲ."

"ಕ್ಯಾ?"

"ಗೆರಿ. ನೀ ದಾಟಿರ್ಲಿಲ್ಲ. ಕ್ಯಾಮರಾ ತಿರುಗಿತ್ತು. ನಂದು ತಪ್ಪು. ಕ್ಲಾಂಪಿನಾಗ ಪೂಜಿ ಹೂವು ಸಿಕ್ಕಿತ್ತು. ಅವತ್ತ ಸಂಜಿಗೆ ನನಗ ಗೊತ್ತಾಗಿತ್ತು. ಹೂವು ಒಗದು ಸುಮ್ನಾದೆ."

ಧಾತ್ರಿ ಬಾಟಲಿಯ ಮುಚ್ಚಳ ತಿರುಗಿಸುತ್ತಾಳೆ. ಅದು ಮುಚ್ಚಿದ ಮೇಲೂ ತಿರುಗಿಸುತ್ತಲೇ ಇರುತ್ತಾಳೆ.

"ಅವತ್ತೇ ಗೊತ್ತಿತ್ತು?"

"ಗೊತ್ತಿತ್ತು."

"ನಾನು ಪ್ರತಿ ಸಂಡೇ ನಿಮ್ಮ ಹತ್ರ ಟ್ರ್ಯಾಕರ್ ಕಟ್ಟಿಸ್ಕೊಂಡೆ, ಕಾಕಾ." ಅವಳ ದನಿ ಏರುವುದಿಲ್ಲ. "ಅಪ್ಪ ಹೇಳಿದ್ರು, ನಿಂಗೆ ದುಡುಕು ಜಾಸ್ತಿ, ಅದಕ್ಕೇ ಹೋಯ್ತು ಅಂತ. ನಾನು ಹೌದು ಅಂದೆ."

ಸಾಯಬಣ್ಣ ತಲೆ ಎತ್ತುವುದಿಲ್ಲ. "ತಪ್ಪಾತವ್ವಾ," ಎನ್ನುತ್ತಾರೆ. ಅವಳು ಬಾಗಿ, ಅವರ ಕೈಯಿಂದ ಟ್ರ್ಯಾಕರಿನ ಹಗ್ಗ ತೆಗೆದುಕೊಳ್ಳುತ್ತಾಳೆ. "ಬಿಡಿ. ನಾನೇ ಕಟ್ಕೋತೀನಿ."

ಅಲ್ಲಿಂದ ನೇರವಾಗಿ ಸಾಯಬಣ್ಣ ಅನುರಾಗ್ ಬಳಿ ಹೋಗುತ್ತಾರೆ. ಅನುರಾಗ್ ವಾರವಿಡೀ ಎಂಜಿನಿಯರ್ ಕೆಲಸ ಮಾಡಿ ಭಾನುವಾರ ಇಲ್ಲಿ ಸಂಬಳವಿಲ್ಲದೆ ದುಡಿಯುವ ಬೆಂಗಳೂರಿನವರು. ಅವರು ಪೂರ್ತಿ ಕೇಳಿಸಿಕೊಂಡು, ದಸರಾದ ವಿಡಿಯೊ ತೆಗೆಯುತ್ತಾರೆ. ದೋಣಿಗಳು ಮುಂದೆ ಹೋದ ಮೇಲೆ ಬೋಯಾ ಮತ್ತೆ ಕಾಣಿಸಿಕೊಳ್ಳುತ್ತದೆ, ಕೆಂಪು ರೇಖೆಯಿಂದ ಪಕ್ಕಕ್ಕೆ ಸರಿದು. ಆ ದಿನ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಬೋಯಾನೇ ಹಗ್ಗದಲ್ಲಿ ತೇಲಾಡಿ ಸರಿದಿದೆ ಅಂದ್ಕೊಂಡಿದ್ದೆ," ಎನ್ನುತ್ತಾರೆ ಅನುರಾಗ್. ಕನ್ನಡಕ ತೆಗೆದು ಒರೆಸುತ್ತಾರೆ. "ಕಮಿಟಿಗೆ ಹೇಳಲೇಬೇಕು, ಸಾಯಬಣ್ಣ. ನಿಮ್ಮ ತಪ್ಪೂ, ನನ್ನ ತಪ್ಪೂ. ನಿಮ್ಮ ಕೆಲಸದ ವಿಷಯ ಅವರು ಏನಂತಾರೋ ಗೊತ್ತಿಲ್ಲ."

"ಹೇಳ್ರಿ. ಅದಕ್ಕ ಬಂದೀನಿ."

"ಈಗ ಎರಡನೇ ಓಟ ಇದೆ. ರೇಖೆ ನೋಡಿ ಬನ್ನಿ."

ಸಾಯಬಣ್ಣ ಹೋಗಿ ಕಂಬ ಹತ್ತುತ್ತಾರೆ. ಕ್ಲಾಂಪ್ ಅಲುಗಿಸಿ ನೋಡಿ ಇಳಿದು ಬಂದು ಪರದೆಯ ಮುಂದೆ ಕೂರುತ್ತಾರೆ. ಸೀ ಲಿಂಕ್ ಸೇತುವೆಯಾಚೆಯಿಂದ ಗಾಳಿ ಬಂದು ಹಾಯಿಗಳು ತುಂಬುತ್ತವೆ. ಮೂವತ್ತು ಚುಕ್ಕೆಗಳು ಸುಳಿದಾಡುತ್ತವೆ. ಹಿಂದೆ ನಿಲ್ಲುವ ಚುಕ್ಕೆಯನ್ನು ಅವರ ಕಣ್ಣು ಹುಡುಕುತ್ತದೆ. ಅದು ಹಿಂದೆ ಇಲ್ಲ. ಬೋಯಾದ ಮಗ್ಗುಲಲ್ಲಿ, ಗುಂಪಿನ ಎಲ್ಲಕ್ಕಿಂತ ಮುಂದೆ, ಒಂದು ದೋಣಿ ಗಾಳಿ ಹಿಡಿದು ಬರುತ್ತಿದೆ. ಅನುರಾಗ್ ಕುರ್ಚಿಯ ಅಂಚಿಗೆ ಸರಿಯುತ್ತಾರೆ. ಸೈರನ್ ಕೂಗುತ್ತದೆ. ಚಿತ್ರ ನಿಲ್ಲಿಸಿ ನೋಡಿದರೆ ಧಾತ್ರಿಯ ದೋಣಿಯ ಮೂತಿ ಕೆಂಪು ರೇಖೆಗಿಂತ ಈಚೆಯೇ ಇದೆ, ನಡುವೆ ಗೇಣಷ್ಟು ನೀರು.

"ಕ್ಲಿಯರ್," ಎನ್ನುತ್ತಾರೆ ಸಾಯಬಣ್ಣ.

ಆ ಓಟದಲ್ಲಿ ಅವಳು ನಾಲ್ಕನೆಯವಳಾಗಿ ಬಂದಳು. ಟ್ರ್ಯಾಕರನ್ನು ತಾನೇ ಬಿಚ್ಚಿ, ಬುಟ್ಟಿಯಲ್ಲಿಟ್ಟು, ಸಾಯಬಣ್ಣನವರ ಪಕ್ಕದಿಂದಲೇ ಹಾದು ಹೋದಳು.

ಹೊರಡುವಾಗ ಮತ್ತೊಮ್ಮೆ ಫೋಟೊ ಕೇಳಿದರೆ ಅವರು ನಲ್ಲಿ ನಿಲ್ಲಿಸಿ, ತೊಳೆಯುತ್ತಿದ್ದ ಟ್ರ್ಯಾಕರನ್ನು ಕೆಳಗಿಡುತ್ತಾರೆ. ಇಸ್ತ್ರಿ ಮಾಡಿದ ಅಂಗಿ ಅಷ್ಟೊತ್ತಿಗೆ ತೊಯ್ದು ಮುದುಡಿದೆ. ಈ ಸಲ ಮುಖ ತಿರುಗಿಸುವುದಿಲ್ಲ.

"ತಗೀರಿ. ಆದ್ರ ಬರೇ ಫೋಟೊ ಹಾಕಬ್ಯಾಡ್ರಿ. ಎಸಳು ಒಗದದ್ದೂ ಬರೀರಿ. ಆಕಿ ಅಪ್ಪ ಪೇಪರ್ ಓದ್ತಾನ."